ಕುರೊನೆ ಬೆಟ್ಟ ಮಾತು ಬಿಟ್ಟದ್ದು

ಆಗ ಲೋಕ ಇನ್ನೂ ಹೊಸದಾಗಿತ್ತು. ಹೊಸದಾಗಿತ್ತು ಎಂದರೆ ಚೆನ್ನಾಗಿತ್ತು ಎಂದು ಅರ್ಥವಲ್ಲ. ಅರ್ಧ ಕೆಲಸ ಬಾಕಿ ಇತ್ತು ಎಂದು ಅರ್ಥ. ಯಾವ ಕಡೆಗೆ ಹರಿಯಬೇಕೆಂದು ಹೊಳೆಗಳಿಗೆ ಖಚಿತವಿರಲಿಲ್ಲ. ಕೆಲವು ಮರಗಳು ಬೇರು ಮೇಲೆ ಮಾಡಿ ನಿಂತಿದ್ದವು. ತಪ್ಪು ಗೊತ್ತಾದ ಮೇಲೆ, ಯಾರೂ ನೋಡದಿದ್ದಾಗ ಸದ್ದಿಲ್ಲದೆ ತಿರುಗಿ ನಿಂತವು. ನೆಲ ಆಗ ತಾನೆ ಒಲೆಯಿಂದ ಇಳಿಸಿದ ಗಂಜಿಯ ಹಾಗೆ ಮೆತ್ತಗಿತ್ತು.

ನೆಲ ಮೆತ್ತಗಿದ್ದುದರಿಂದ ಬೆಟ್ಟಗಳು ಬೆಳೆಯುತ್ತಿದ್ದವು. ಅವು ಬೆಳೆಯುತ್ತಿದ್ದುದು ನಿದ್ದೆಯಲ್ಲಿ. ಶರತ್ಕಾಲ ಮುಗಿಯುವಾಗ ಕಣ್ಣು ಮುಚ್ಚಿ, ಹಿಮ ಕರಗುವವರೆಗೆ ಎಚ್ಚರಾಗದೆ ಮಲಗಿದ ಬೆಟ್ಟ, ವಸಂತದಲ್ಲಿ ಏಳುವಾಗ ಎರಡು ಮರದಷ್ಟು ಎತ್ತರವಾಗಿರುತ್ತಿತ್ತು. ಗಾಢನಿದ್ದೆಯ ನಡುವೆ ಎಚ್ಚರವಾಯಿತೋ, ಆ ವರ್ಷದ ಬೆಳವಣಿಗೆ ಅಲ್ಲಿಗೇ ನಿಂತಿತು. ಬೆಟ್ಟಗಳ ಗಾಢನಿದ್ದೆ ಒಮ್ಮೆ ಮುರಿದರೆ ಮತ್ತೆ ಹತ್ತುವುದಿಲ್ಲ.

ಜಪಾನಿನಲ್ಲಿ ನಿರೆಗಾವಾ ಎಂಬ ಊರಿತ್ತು. ಆ ಊರಿನ ಬೆನ್ನಿಗೆ ಎರಡು ಬೆಟ್ಟ. ದೊಡ್ಡದರ ಹೆಸರು ಓದಾಕೆ, ಚಿಕ್ಕದರ ಹೆಸರು ಕುರೊನೆ. ಓದಾಕೆ ಚೆನ್ನಾಗಿ ಮಲಗುತ್ತಿತ್ತು. ಅದರ ಬುಡದಲ್ಲಿ ಯಾರೂ ಇರಲಿಲ್ಲ. ಕುರೊನೆಯ ಬುಡದಲ್ಲಿ ಒಂದು ಗುಡಿ ಇತ್ತು, ಅಲ್ಲಿ ದಿನವೂ ಗಂಟೆ, ಚಪ್ಪಾಳೆ. ಹಾಗಾಗಿ ಕುರೊನೆ ಓದಾಕೆಯ ಮೊಣಕಾಲಿನಷ್ಟೇ ಎತ್ತರವಾಗಿತ್ತು.

ಒಂದು ಶರತ್ಕಾಲದಲ್ಲಿ ಗಾಳಿ ಬಂದು ಎಲ್ಲ ಬೆಟ್ಟಗಳಿಗೂ ಒಂದು ಸುದ್ದಿ ಹೇಳಿತು. ನೆಲ ಗಟ್ಟಿಯಾಗುತ್ತಿದೆಯಂತೆ. ಈ ಚಳಿಗಾಲವೇ ಕೊನೆ. ಮುಂದಿನ ವಸಂತದಲ್ಲಿ ಯಾರು ಎಷ್ಟು ಎತ್ತರ ಇರುತ್ತಾರೋ ಅಷ್ಟೇ, ಆಮೇಲೆ ಬದಲಾವಣೆ ಇಲ್ಲ.

ಇಂಥ ಸುದ್ದಿಯನ್ನು ಗಾಳಿ ಯಾವಾಗಲೂ ಕೊನೆಯ ಗಳಿಗೆಯಲ್ಲೇ ಹೇಳುತ್ತದೆ.

ಕುರೊನೆ ಓದಾಕೆಯನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿತು. ಈ ಸಲವಾದರೂ ಪೂರ್ತಿ ನಿದ್ದೆ ಮಾಡಬೇಕು ಎಂದು ನಿಶ್ಚಯಿಸಿತು. ಅದಕ್ಕೆ ಬೇಕಾಗಿದ್ದುದು ಅಷ್ಟೇ. ಒಂದು ಚಳಿಗಾಲದ ನಿದ್ದೆ.

ಆ ಹೊತ್ತಿಗೆ ಸರಿಯಾಗಿ ಗುಡಿಯ ದೇವರು ಹೊರಗೆ ಬಂದ. ಅವನ ಹೆಸರು ಹಟಾಮೊರಿ. ಅವನೇನು ದೊಡ್ಡ ದೇವರಲ್ಲ. ಒಂದು ಊರು, ನೂರು ಗದ್ದೆ, ಎರಡು ಬಾವಿ, ಇಷ್ಟೇ ಅವನ ಪಾಲಿಗೆ ಬಂದಿದ್ದುದು. ಆದರೂ ಹತ್ತನೆಯ ತಿಂಗಳು ಬಂದರೆ ಅವನೂ ಗಂಟು ಕಟ್ಟಲೇಬೇಕು. ಆ ತಿಂಗಳು ದೇಶದ ದೇವರುಗಳೆಲ್ಲ ಪಶ್ಚಿಮದ ಇಜುಮೊ ಎಂಬಲ್ಲಿ ಸೇರುತ್ತಾರೆ. ಮುಂದಿನ ವರ್ಷ ಯಾರಿಗೆ ಯಾರ ಜೊತೆ ಮದುವೆ, ಎಲ್ಲಿ ಎಷ್ಟು ಮಳೆ, ಇದೆಲ್ಲ ಅಲ್ಲೇ ತೀರ್ಮಾನ. ಜಪಾನಿನಲ್ಲಿ ಎಂಬತ್ತು ಲಕ್ಷ ದೇವರುಗಳಿದ್ದಾರೆ ಎಂದು ಹೇಳುತ್ತಾರೆ. ಎಂಬತ್ತು ಲಕ್ಷ ಮಂದಿ ಒಂದು ಕಡೆ ಸೇರಿ ಸಭೆ ನಡೆಸಿದರೆ ಏನಾಗುತ್ತದೋ ಅಲ್ಲಿಯೂ ಅದೇ ಆಗುತ್ತದೆ. ಮೊದಲ ಹತ್ತು ದಿನ ಯಾರು ಎಲ್ಲಿ ಕೂರಬೇಕು ಎಂಬ ಚರ್ಚೆ.

ತಾನು ಬರುವವರೆಗೆ ಊರವರ ಪ್ರಾರ್ಥನೆಗಳನ್ನು ಸ್ವಲ್ಪ ನೋಡಿಕೊಳ್ಳಬೇಕು ಎಂದು ಹಟಾಮೊರಿ ಕುರೊನೆಯನ್ನು ಕೇಳಿದ. ಒಂದೇ ತಿಂಗಳು. ದೊಡ್ಡ ಕೆಲಸವೇನಲ್ಲ, ಕಿವಿಗೊಟ್ಟು ಒಂದೆರಡು ಮಾತು ಹೇಳಿದರೆ ಸಾಕು.

ಆಗುವುದಿಲ್ಲ ಎಂದು ಕುರೊನೆ ಹೇಳಿತು. ತಾನು ಮಲಗಬೇಕು, ಇದೇ ಕೊನೆಯ ಚಳಿಗಾಲ, ಬೇಕಾದರೆ ಓದಾಕೆಯನ್ನು ಕೇಳು ಎಂದಿತು.

"ಓದಾಕೆ ಆಗಲೇ ಮಲಗಿಬಿಟ್ಟಿದೆ," ಎಂದ ಹಟಾಮೊರಿ. "ನೀನು ಒಪ್ಪದಿದ್ದರೆ ಇವರೇನು ಸುಮ್ಮನಿರುತ್ತಾರೆ ಅಂದುಕೊಂಡೆಯಾ? ಉತ್ತರ ಬರಲಿಲ್ಲ ಅಂತ ಇನ್ನೂ ಜೋರಾಗಿ ಚಪ್ಪಾಳೆ ಹೊಡೆಯುತ್ತಾರೆ. ನಿನಗೆ ಹೇಗೂ ನಿದ್ದೆ ಇಲ್ಲ."

ಇದು ನಿಜವಾಗಿತ್ತು. ಕುರೊನೆ ನಿಟ್ಟುಸಿರು ಬಿಟ್ಟಿತು. ಬೆಟ್ಟದ ನಿಟ್ಟುಸಿರು ಎಂದರೆ ಮಂಜು. ಒಂದಿಷ್ಟು ಮಂಜು ಇಳಿದು ಕಣಿವೆಯಲ್ಲಿ ಸೇರಿಕೊಂಡಿತು.

ಊರವರು ದೇವರನ್ನು ಬೀಳ್ಕೊಡಲು ಕೆಂಪು ಅವರೆಕಾಳಿನಂಥ ಕಾಳು ಹಾಕಿದ ಅನ್ನ ಮಾಡಿದರು. ಗುಡಿಯ ಮುಂದೆ ಸಾಲಾಗಿ ನಿಂತು ಕಳಿಸಿಕೊಟ್ಟರು. ದೇವರು ಹೊಳೆ ದಾಟಿ, ತಿರುವು ದಾಟಿ ಕಾಣದಾಗುವವರೆಗೂ ನಿಂತಿದ್ದರು. ಅಂದರೆ, ದೇವರು ಊರಲ್ಲಿಲ್ಲ ಎಂಬುದು ಪ್ರತಿಯೊಬ್ಬನಿಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಎಲ್ಲರೂ ಗುಡಿಗೆ ಬಂದರು.

ಗುಡಿ ನೋಡಿಕೊಳ್ಳುತ್ತಿದ್ದವನು ಸಕುಬೆ ಎಂಬ ಮುದುಕ. ಅವನ ಹೆಂಡತಿ ಟೊಯೊ ಗುಡಿಗೆ ಬೇಕಾದ ಭತ್ತದ ಹುಲ್ಲಿನ ಹಗ್ಗ ಹೊಸೆಯುತ್ತಿದ್ದಳು. ದೇವರೇ ಇಲ್ಲದ ಗುಡಿಗೆ ಇವರೆಲ್ಲ ಯಾಕೆ ಬರುತ್ತಿದ್ದಾರೆ ಎಂದು ಅವಳು ಗಂಡನನ್ನು ಕೇಳಿದಳು. ದೇವರು ಇಜುಮೊಗೆ ಹೋಗಿರಬಹುದು, ಪದ್ಧತಿ ಎಲ್ಲಿಗೂ ಹೋಗಿಲ್ಲ ಎಂದು ಸಕುಬೆ ಹೇಳಿದ. ಟೊಯೊ ಹಗ್ಗ ಹೊಸೆಯುವುದನ್ನು ಮುಂದುವರಿಸಿದಳು. ಮದುವೆಯಾಗಿ ನಲವತ್ತು ವರ್ಷ ಕಳೆದ ಮೇಲೆ ಕೆಲವು ಮಾತುಗಳಿಗೆ ಉತ್ತರ ಕೊಡಬೇಕೆಂದು ಅನಿಸುವುದಿಲ್ಲ.

ಪದ್ಧತಿಯ ವಿಷಯದಲ್ಲಿ ಸಕುಬೆ ಕೂದಲೆಳೆಯಷ್ಟೂ ಸಡಿಲ ಬಿಡುತ್ತಿರಲಿಲ್ಲ. ಗುಡಿಯ ಮುಂದೆ ತೋರಿ ಎಂಬ ಕೆಂಪು ಹೆಬ್ಬಾಗಿಲಿತ್ತು. ಎರಡು ಕಂಬ, ಮೇಲೆ ಎರಡು ಅಡ್ಡತೊಲೆ, ಕದವಿಲ್ಲ. ಅದರ ಕೆಳಗೆ ಒಮ್ಮೆ ಬಗ್ಗಬೇಕು. ದಾರಿಯ ನಡುವೆ ನಡೆಯಬಾರದು, ನಡುಭಾಗ ದೇವರದ್ದು, ಮನುಷ್ಯರು ಅಂಚಿನಲ್ಲೇ ಹೋಗಬೇಕು. ನೀರಿನ ತೊಟ್ಟಿಯ ಹತ್ತಿರ ಬಿದಿರಿನ ಸೌಟು ಹಿಡಿದು ಮೊದಲು ಎಡಗೈ ತೊಳೆಯಬೇಕು, ಆಮೇಲೆ ಬಲಗೈ, ಆಮೇಲೆ ಬಾಯಿ. ಗಂಟೆ ಅಲ್ಲಾಡಿಸಬೇಕು. ಎರಡು ಸಲ ಬಗ್ಗಬೇಕು, ಎರಡು ಸಲ ಚಪ್ಪಾಳೆ ತಟ್ಟಬೇಕು. ತಟ್ಟಿದರೆ ದೇವರ ಗಮನ ಈ ಕಡೆ ಬರುತ್ತದೆ. ಕೇಳುವುದನ್ನು ಕೇಳಿ ಕೊನೆಗೆ ಇನ್ನೊಮ್ಮೆ ಬಗ್ಗಬೇಕು. ಯಾರಾದರೂ ಬಲಗೈ ಮೊದಲು ತೊಳೆದರೆ ಸಕುಬೆ ಅವರನ್ನು ಹೊರಗೆ ಕಳಿಸಿ ಮೊದಲಿನಿಂದ ಮಾಡಿಸುತ್ತಿದ್ದ.

ಕುರೊನೆ ಆಗ ತಾನೆ ಕಣ್ಣು ಮುಚ್ಚಿತ್ತು. ಪಟ್, ಪಟ್ ಎಂದು ಚಪ್ಪಾಳೆ ಕೇಳಿಸಿತು. ಕಣ್ಣು ತೆರೆಯಿತು.

ಮೊದಲು ಬಂದವನು ಊರಿನ ಮುಖಂಡ ಗೆನ್ನೊಜೋ. ಅವನು ಹೊಸ ಮನೆ ಕಟ್ಟಿಸುತ್ತಿದ್ದ. ಬಾಗಿಲು ಪೂರ್ವಕ್ಕಿರಬೇಕೋ ದಕ್ಷಿಣಕ್ಕೋ ಎಂದು ಕೇಳಿದ. ಪೂರ್ವ ಎಂದು ಕುರೊನೆ ಹೇಳಿತು. ಆಗ ಬೆಟ್ಟಗಳಿಗೆ ಸ್ವಂತ ಮಾತಿತ್ತು. ದೊಡ್ಡ ದನಿ, ಸ್ಪಷ್ಟ ಉಚ್ಚಾರ. ದೇವರೇ ಇಜುಮೊದಿಂದ ಉತ್ತರ ಕೊಡುತ್ತಿದ್ದಾನೆ ಎಂದು ಊರವರು ತಿಳಿದರು.

ಮಾರನೆಯ ದಿನ ಗೆನ್ನೊಜೋ ಮತ್ತೆ ಬಂದ. ಪಕ್ಕದ ಮನೆಯವನದೂ ಪೂರ್ವದ ಬಾಗಿಲೇ, ಅವನನ್ನು ನೋಡಿ ಮಾಡಿದ ಹಾಗೆ ಆಗುವುದಿಲ್ಲವೇ ಎಂದು ಕೇಳಿದ. ಹಾಗಾದರೆ ದಕ್ಷಿಣಕ್ಕೆ ಇಡು ಎಂದಿತು ಬೆಟ್ಟ. ಮೂರನೆಯ ದಿನ, ದಕ್ಷಿಣದಿಂದ ಮಳೆಯ ಎರಚಲು ಬರುತ್ತದೆ ಎಂದ. ನಾಲ್ಕನೆಯ ದಿನ ಭಾವಮೈದುನನನ್ನೂ ಕರೆದುಕೊಂಡು ಬಂದ. ಅವನ ಅಭಿಪ್ರಾಯ ಉತ್ತರ ದಿಕ್ಕು.

ಒಬ್ಬ ಅಜ್ಜಿ ಬಂದು ತನ್ನ ಹಲ್ಲು ನೋವಿನ ವಿಷಯ ಹೇಳಿದಳು. ಕೀಳಿಸಿಬಿಡು ಎಂದು ಕುರೊನೆ ಹೇಳಿತು. ಅದಕ್ಕಿಂತ ಸರಿಯಾದ ಉತ್ತರ ಇಲ್ಲ. ಅಜ್ಜಿಗೆ ಸಿಟ್ಟು ಬಂತು. ಸಮಾಧಾನಕ್ಕೆ ಬಂದರೆ ಹಲ್ಲು ಕೀಳುವವನ ಮಾತು ಕೇಳಿಸಿಕೊಳ್ಳಬೇಕಾಯಿತು ಎಂದು ಇಡೀ ಊರಿಗೆ ಹೇಳಿಕೊಂಡು ಬಂದಳು. ಮಾರನೆಯ ದಿನ ಅವಳೂ ಮತ್ತೆ ಬಂದಳು. ಅದೇ ಹಲ್ಲು.

ಪಟ್, ಪಟ್. ಬೆಟ್ಟ ಕಣ್ಣು ತೆರೆಯಿತು. ಬೆಟ್ಟ ನಿಟ್ಟುಸಿರು ಬಿಟ್ಟಿತು. ಕಣಿವೆಯಲ್ಲಿ ಇನ್ನೊಂದಿಷ್ಟು ಮಂಜು ಸೇರಿಕೊಂಡಿತು.

ಹೀಗೆ ಹನ್ನೆರಡು ದಿನ ಕಳೆಯಿತು. ಉತ್ತರ ಕೊಟ್ಟಷ್ಟೂ ಪ್ರಶ್ನೆ ಹೆಚ್ಚಾಯಿತು. ಓದಾಕೆ ಆ ಹನ್ನೆರಡು ದಿನದಲ್ಲಿ ಒಂದಾಳು ಎತ್ತರ ಬೆಳೆದಿತ್ತು. ಕುರೊನೆಗೆ ನಿದ್ದೆ ಹತ್ತಲೇ ಇಲ್ಲ, ಬರೀ ತೂಕಡಿಸಿ ಬೆಳೆದದ್ದು ಒಂದು ಬೆರಳು.

"ಇವರಿಗೆ ಬೇಕಾಗಿರುವುದು ಏನು?" ಎಂದು ಕುರೊನೆ ಹೊಳೆಯನ್ನು ಕೇಳಿತು.

ಹೊಳೆ ಜನ್ಮದಲ್ಲಿ ನಿದ್ದೆ ಮಾಡಿದ್ದಲ್ಲ. ನಿದ್ದೆಗೆ ಯಾಕೆ ಇಷ್ಟು ಒದ್ದಾಡುತ್ತಾರೆಂದು ಅದಕ್ಕೆ ಗೊತ್ತಿರಲಿಲ್ಲ. "ನಾನು ಹಗಲೂ ರಾತ್ರಿ ಮಾತಾಡುತ್ತೇನೆ," ಎಂದಿತು. "ಯಾರೂ ಏನೂ ಕೇಳುವುದಿಲ್ಲ. ನೀನು ಅರ್ಥವಾಗುವ ಹಾಗೆ ಮಾತಾಡುತ್ತೀಯ, ಅದೇ ನಿನ್ನ ತಪ್ಪು."

ಹದಿಮೂರನೆಯ ದಿನ ಗೆನ್ನೊಜೋ ಬಂದಾಗ ಕುರೊನೆಗೆ ಕಣ್ಣು ತೆರೆಯಲೂ ಶಕ್ತಿ ಇರಲಿಲ್ಲ. ಅವನು ಕೈ ತೊಳೆದ, ಗಂಟೆ ಅಲ್ಲಾಡಿಸಿದ, ಬಗ್ಗಿದ, ಚಪ್ಪಾಳೆ ತಟ್ಟಿದ. ಎಲ್ಲ ಯೋಚಿಸಿ ನೋಡಿದರೆ ಬಾಗಿಲು ಪೂರ್ವಕ್ಕೇ ಇರುವುದು ಒಳ್ಳೆಯದು ಎಂದ. ಬೆಟ್ಟ ಅರೆನಿದ್ದೆಯಲ್ಲಿ ಕೊನೆಗೆ ಕಿವಿಗೆ ಬಿದ್ದ ಮಾತನ್ನೇ ಗೊಣಗಿತು. "...ಇರುವುದು ಒಳ್ಳೆಯದು."

ಗೆನ್ನೊಜೋ ಎರಡು ಸಲ ಬಗ್ಗಿದ. ಒಂದೇ ಸಲ ಸಾಕಾಗಿತ್ತು. ಇಂಥ ಬುದ್ಧಿವಂತ ಉತ್ತರ ತನಗೆ ಇದುವರೆಗೆ ಸಿಕ್ಕಿರಲಿಲ್ಲ ಎಂದು ಭಾವಮೈದುನನಿಗೆ ಹೇಳುತ್ತಾ ಮನೆಗೆ ಹೋದ. ಆಮೇಲೆ ಅವನು ಬರಲೇ ಇಲ್ಲ.

ಕುರೊನೆ ಒಂದು ಕಣ್ಣು ತೆರೆದು ಅವನು ಹೋದ ದಾರಿ ನೋಡಿತು.

ಅಜ್ಜಿ ಬಂದಳು. ಪಾಪ, ಈ ಹಲ್ಲು ತನ್ನ ಜೊತೆ ಎಷ್ಟು ವರ್ಷದಿಂದ ಇತ್ತು ಎಂದಳು. "...ಎಷ್ಟು ವರ್ಷದಿಂದ ಇತ್ತು," ಎಂದಿತು ಬೆಟ್ಟ. ಅಜ್ಜಿ ಕಣ್ಣೊರೆಸಿಕೊಂಡಳು. ತನ್ನ ಕಷ್ಟ ಅರ್ಥ ಮಾಡಿಕೊಂಡವರು ಇವರೊಬ್ಬರೇ ಎಂದು ಹೇಳಿ, ಸಂಜೆ ಹೋಗಿ ಹಲ್ಲು ಕೀಳಿಸಿಕೊಂಡಳು.

ಕುರೊನೆಗೆ ಉಪಾಯ ಸಿಕ್ಕಿತು. ಅವರ ಮಾತಿನ ಬಾಲ ಹಿಡಿದು ಅವರಿಗೇ ವಾಪಸು ಕೊಟ್ಟರೆ ಸಾಕು. ಅದಕ್ಕೆ ಎಚ್ಚರವಾಗಿರುವ ಅಗತ್ಯವೂ ಇಲ್ಲ. ಸ್ವಂತ ಮಾತು ಆಡಬೇಕಾದರೆ ಯೋಚಿಸಬೇಕು, ಯೋಚಿಸಬೇಕಾದರೆ ಏಳಬೇಕು. ಅವರದನ್ನೇ ಕೊಡುವುದಾದರೆ ಮಲಗಿಕೊಂಡೇ ಕೊಡಬಹುದು. ಎಲ್ಲರೂ ಸಂತೋಷವಾಗಿ ಹೋದರು. ಯಾರೂ ಎರಡನೆಯ ಸಲ ಬರಲಿಲ್ಲ.

ಇದನ್ನು ಗಮನಿಸಿದವಳು ಟೊಯೊ ಒಬ್ಬಳೇ. ಅದು ನಾವು ಹೇಳಿದ್ದನ್ನೇ ತಿರುಗಿ ಹೇಳುತ್ತಿದೆ ಎಂದು ಗಂಡನಿಗೆ ಹೇಳಿದಳು. ಹೇಳಿದ್ದನ್ನೇ ಹೇಳಿದರೂ ಅದು ಮೇಲಿನಿಂದ ಬಂತಲ್ಲ ಎಂದ ಸಕುಬೆ. ಮೇಲಿನಿಂದ ಬಂದರೆ ಅದೇ ಮಾತಿನ ತೂಕ ಬೇರೆಯಂತೆ.

ಕುರೊನೆ ನಿಜವಾಗಿ ಮಲಗಿತು. ಎಷ್ಟೋ ವರ್ಷಗಳ ಬಾಕಿ ಬೆಳವಣಿಗೆಯೆಲ್ಲ ಒಟ್ಟಿಗೆ ಬಂತು. ಹುಟ್ಟಿದ ಮೇಲೆ ಮೊದಲ ಸಲ ಅದಕ್ಕೆ ಒಳಗಿನ ಬಂಡೆಯವರೆಗೆ ಬೆಚ್ಚಗಾಯಿತು. ಮೊದಲು ತೊಡೆ ಎತ್ತರವಾಯಿತು, ಆಮೇಲೆ ಬೆನ್ನು ನೆಟ್ಟಗಾಯಿತು. ತಿಂಗಳು ಮುಗಿಯುವ ಹೊತ್ತಿಗೆ ಅದು ಓದಾಕೆಯ ಸೊಂಟದ ಹತ್ತಿರ ಬಂದಿತ್ತು. ಹೀಗೇ ವಸಂತದವರೆಗೆ ಮಲಗಿದರೆ ಭುಜಕ್ಕೆ ಭುಜ ಕೊಡಬಹುದಿತ್ತು.

ತಿಂಗಳ ಕೊನೆಯ ದಿನ ಬಂತು. ಮಾರನೆಯ ದಿನ ದೇವರು ಇಜುಮೊದಿಂದ ಹಿಂದಿರುಗಬೇಕು. ದೇವರು ಬರುವಾಗ ಗುಡಿಯಲ್ಲಿ ಸಕಾಕಿ ಮರದ ಹಸಿ ಕೊಂಬೆ ಇರಬೇಕು, ಅದು ಪದ್ಧತಿ. ಸಕಾಕಿ ವರ್ಷವಿಡೀ ಹಸಿರಾಗಿರುವ ಮರ. ಅದು ಬೆಳೆಯುತ್ತಿದ್ದುದು ಕುರೊನೆಯ ನೆತ್ತಿಯ ಹತ್ತಿರ.

ಸಕುಬೆ ಬೆಳಿಗ್ಗೆ ಕತ್ತಿ ಹಿಡಿದು ಹೊರಟ. ಹೊರಗೆ ಮಂಜು ತುಂಬಿತ್ತು. ಹನ್ನೆರಡು ದಿನಗಳ ನಿಟ್ಟುಸಿರು ಕಣಿವೆಯಲ್ಲಿ ಹಾಗೇ ಕೂತಿತ್ತು. ಅದು ಆ ದಿನವೇ ಎದ್ದು ಬೆಟ್ಟ ಹತ್ತಲು ತೊಡಗಿತ್ತು. ಚಾಚಿದ ಕೈಯ ಬೆರಳು ಕಾಣಿಸುತ್ತಿರಲಿಲ್ಲ.

ಮಧ್ಯಾಹ್ನದವರೆಗೆ ಕಾಯಿರಿ ಎಂದು ಟೊಯೊ ಹೇಳಿದಳು. ಕೊಂಬೆಯನ್ನು ಬೆಳಿಗ್ಗೆಯೇ ಕಡಿಯಬೇಕು ಎಂದ ಅವನು.

"ಹೋಗುವುದಾದರೆ ಹೋಗಿ. ದಾರಿಯ ನಡುವೆ ಹೋಗಿ," ಎಂದಳು ಟೊಯೊ. "ಮೇಲೆ ಒಂದು ಪಕ್ಕ ಕಮರಿ ಇದೆ."

"ನಡುವೆ ದೇವರ ಜಾಗ."

"ದೇವರೇ ಊರಲ್ಲಿಲ್ಲ. ನೀವು ನಡುವೆ ನಡೆದರೆ ಯಾರಿಗೆ ಅಡ್ಡ?"

ಸಕುಬೆ ತೋರಿಯ ಕೆಳಗೆ ಬಗ್ಗಿ ನಡೆಯತೊಡಗಿದ.

ಅವನು ಅಂಚಿನಲ್ಲೇ ಹತ್ತಿದ. ದಾರಿ ಅಗಲವಾಗಿತ್ತು. ನಡುವೆ ಮೂರು ಜನ ಒಟ್ಟಿಗೆ ನಡೆಯುವಷ್ಟು ಜಾಗ ಖಾಲಿ ಬಿದ್ದಿತ್ತು. ಒಂದು ತಿಂಗಳಿಂದ ಅಲ್ಲಿ ಯಾವ ದೇವರೂ ನಡೆದಿರಲಿಲ್ಲ. ಸಕುಬೆ ಆ ಖಾಲಿ ಜಾಗಕ್ಕೆ ಗೌರವ ಕೊಟ್ಟು ಅಂಚಿನಲ್ಲೇ ಹೋದ, ಹೋಗಿ ಹೋಗಿ ನೆತ್ತಿಯ ಹತ್ತಿರದ ತಿರುವಿನಲ್ಲಿ ಅಂಚಿನಿಂದ ಜಾರಿದ.

ಬಹಳ ದೂರ ಬೀಳಲಿಲ್ಲ. ಒಂದಾಳು ಕೆಳಗೆ ಒಂದು ಬಂಡೆಯ ಚಾಚು ಇತ್ತು, ಅದರ ಮೇಲೆ ಬಿದ್ದ. ಕಾಲು ಉಳುಕಿತು, ಕತ್ತಿ ಕೈ ಜಾರಿ ಕಮರಿಗೆ ಬಿತ್ತು. ಅದು ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು. ಆದರೆ ಮಂಜಿನಲ್ಲಿ ಒಂದೆರಡು ಸುತ್ತು ತಿರುಗಿದ ಮೇಲೆ ಆ ಸದ್ದು ಎಡಗಡೆಯಿಂದ ಬಂದಿತ್ತೋ ಬಲಗಡೆಯಿಂದಲೋ ಅವನಿಗೆ ನೆನಪಾಗಲಿಲ್ಲ.

"ಇಲ್ಲಿ ಯಾರಾದರೂ ಇದ್ದೀರಾ?" ಎಂದು ಕೂಗಿದ.

ಕುರೊನೆ ಗಾಢನಿದ್ದೆಯಲ್ಲಿತ್ತು. "...ಇದ್ದೀರಾ?" ಎಂದಿತು.

ಎದುರುಗಡೆ ಯಾರೋ ವಿಚಾರಿಸುತ್ತಿದ್ದಾರೆ ಎಂದು ಸಕುಬೆಗೆ ಸಮಾಧಾನವಾಯಿತು. ತಾನಿದ್ದೇನೆ, ಇತ್ತ ಬನ್ನಿ ಎಂದ. "...ಇತ್ತ ಬನ್ನಿ," ಎಂದಿತು ಬೆಟ್ಟ. ಅಷ್ಟು ಮರ್ಯಾದೆಯಿಂದ ಕರೆದ ಮೇಲೆ ಹೋಗದಿರುವುದು ಸರಿಯಲ್ಲ. ಸಕುಬೆ ಕುಂಟುತ್ತಾ ಆ ದನಿಯ ಕಡೆಗೆ ಒಂದು ಹೆಜ್ಜೆ ಇಟ್ಟ. ಆ ಕಡೆಯೇ ಕಮರಿ ಇದ್ದುದು.

ಕೆಳಗೆ ಟೊಯೊ ಹೊತ್ತು ನೋಡಿ ನೋಡಿ ಸಾಕಾಗಿ ಮೇಲಕ್ಕೆ ಬರುತ್ತಿದ್ದಳು. ದಾರಿಯ ನಡುವೆಯೇ ಬಂದಳು. ಅರ್ಧ ದಾರಿಯಲ್ಲಿ ನಿಂತು ಕೂಗಿದಳು. ಅವಳ ಕೂಗು ಬೆಟ್ಟಕ್ಕೆ ತಾಗಿತು, ಬೆಟ್ಟ ಅದನ್ನೂ ನಿದ್ದೆಯಲ್ಲೇ ಆ ಕಡೆಯಿಂದ ತಿರುಗಿಸಿ ಕೊಟ್ಟಿತು. ಸಕುಬೆಗೆ ಹೆಂಡತಿಯ ದನಿ ಎದುರಿನಿಂದ, ಕಮರಿಯ ಕಡೆಯಿಂದ ಕೇಳಿಸಿತು. ಇನ್ನೊಂದು ಹೆಜ್ಜೆ ಇಟ್ಟ.

ಅವನ ಹೆಬ್ಬೆರಳು ಬಂಡೆಯ ತುದಿ ದಾಟಿತು.

ಅದು ಕುರೊನೆಗೆ ಗೊತ್ತಾಯಿತು. ಮಲಗಿದವನ ತುಟಿಯ ಮೇಲೆ ಇರುವೆ ಹರಿದರೆ ಗೊತ್ತಾಗುವ ಹಾಗೆ ಗೊತ್ತಾಯಿತು. ಬೆಟ್ಟ ನಿದ್ದೆಯ ಆಳದಿಂದ ಸ್ವಲ್ಪ ಮೇಲೆ ಬಂದು ಪರಿಸ್ಥಿತಿಯನ್ನು ಅರ್ಥ ಮಾಡಿಕೊಂಡಿತು.

ಕಣ್ಣು ತೆರೆದರೆ ನಿದ್ದೆ ಹೋಯಿತು. ನಿದ್ದೆ ಹೋದರೆ ಎತ್ತರ ಇಷ್ಟೇ, ಓದಾಕೆಯ ಸೊಂಟ, ಲೋಕ ಇರುವವರೆಗೆ. ಕಣ್ಣು ತೆರೆಯದಿದ್ದರೆ ಒಬ್ಬ ಮುದುಕ ಹೋದ. ಅವನೇನು ಮಹಾ ಬುದ್ಧಿವಂತನಲ್ಲ. ಅಗಲವಾದ ದಾರಿ ಬಿಟ್ಟು ಅಂಚಿನಲ್ಲಿ ನಡೆದು ಬಿದ್ದವನು. ಹನ್ನೆರಡು ದಿನ ತನ್ನ ಬುಡದಲ್ಲಿ ನಿಂತು ಎಡಗೈ ಮೊದಲು, ಎಡಗೈ ಮೊದಲು ಎಂದು ಅರಚಿದವನು.

ಆದರೆ ಮಂಜು ಮಾತ್ರ ತನ್ನದು. ಅವನನ್ನು ಕರೆಯುತ್ತಿರುವ ದನಿಯೂ ತನ್ನದೇ.

ಕುರೊನೆ ಕಣ್ಣು ತೆರೆಯಿತು.

"ನಿಲ್ಲು," ಎಂದಿತು.

ಸಕುಬೆ ನಿಂತ. ಯಾರು ಎಂದು ಕೇಳಿದ.

"ನೀನು ಯಾರ ಮೇಲೆ ನಿಂತಿದ್ದೀಯೋ ಅವನು. ಹಿಂದಕ್ಕೆ ಹೋಗು. ತಿರುಗಬೇಡ, ಹಾಗೇ ಹಿಂದಕ್ಕೆ."

ಬೆಟ್ಟವೇ ಮಾತಾಡುತ್ತಿದೆ ಎಂದು ತಿಳಿದ ಕೂಡಲೆ ಸಕುಬೆ ಮಾಡಿದ ಮೊದಲ ಕೆಲಸ ಎರಡು ಸಲ ಬಗ್ಗಲು ಹೊರಟದ್ದು. ತಲೆ ಕಮರಿಯ ಮೇಲಕ್ಕೆ ಬಾಗಿತು. ಎರಡು ಕಲ್ಲು ಕೆಳಗೆ ಉರುಳಿದವು.

"ಬಗ್ಗಬೇಡ," ಎಂದಿತು ಕುರೊನೆ.

"ಹಾಗೆಂದರೆ ಹೇಗೆ ಸ್ವಾಮಿ, ಕೈಯೂ ತೊಳೆದಿಲ್ಲ."

"ಕೈ ತೊಳೆಯುವುದು ಬೇಡ. ಚಪ್ಪಾಳೆಯಂತೂ ಬೇಡವೇ ಬೇಡ. ಹಿಂದಕ್ಕೆ ಒಂದು ಹೆಜ್ಜೆ. ಇನ್ನೊಂದು. ಬೆನ್ನಿಗೆ ಬೇರು ಸಿಕ್ಕಿತೇ? ಹಿಡಿದು ಹತ್ತು."

ಸಕುಬೆ ಹತ್ತಿದ. ದಾರಿಗೆ ಬಂದು ಬಿದ್ದ. ಎದ್ದು ಬಟ್ಟೆ ಕೊಡವಿಕೊಂಡು, ರೂಢಿಯ ಪ್ರಕಾರ ದಾರಿಯ ಅಂಚಿಗೆ ಹೋಗಿ ನಿಂತ.

ಕುರೊನೆ ಅವನ ಕಾಲಿನ ಕಡೆ ನೋಡಿತು.

"ನಡುವೆ ನಡಿ," ಎಂದಿತು ಆಮೇಲೆ.

"ಅದು ದೇವರ ಜಾಗ ಸ್ವಾಮಿ."

"ಈ ಬೆಟ್ಟ ನಾನು. ಈ ದಾರಿ ನನ್ನ ಬೆನ್ನಿನ ಮೇಲಿದೆ. ನಾನು ಹೇಳುತ್ತಿದ್ದೇನೆ, ನಡುವೆ ನಡಿ."

ಸಕುಬೆ ನಾಚಿಕೆಯಿಂದ ಕಣ್ಣು ಅರ್ಧ ಮುಚ್ಚಿಕೊಂಡು ದಾರಿಯ ನಡುವೆ ಇಳಿಯತೊಡಗಿದ. ಜೀವಮಾನದಲ್ಲಿ ಅದೇ ಮೊದಲು. ಸ್ವಲ್ಪ ಕೆಳಗೆ ಟೊಯೊ ಎದುರಾದಳು. ಅವನ ಕಾಲು ನೋಡಿದಳು, ಹರಿದ ತೋಳು ನೋಡಿದಳು, ಅವನು ಎಲ್ಲಿ ನಡೆಯುತ್ತಿದ್ದಾನೆ ಎಂಬುದನ್ನೂ ನೋಡಿದಳು.

"ನಾನು ಹೇಳಿದರೆ ಕೇಳಲಿಲ್ಲ," ಎಂದಳು.

"ನೀನು ಬೆಟ್ಟವಲ್ಲ," ಎಂದ ಸಕುಬೆ. ಅವಳ ಭುಜದ ಮೇಲೆ ಕೈ ಹಾಕಿಕೊಂಡು ಕುಂಟುತ್ತಾ ಮನೆ ಸೇರಿದ. ಕೊಂಬೆ ಮಾತ್ರ ತರಲಿಲ್ಲ.

ಕುರೊನೆ ಮತ್ತೆ ಕಣ್ಣು ಮುಚ್ಚಿ ನೋಡಿತು. ನಿದ್ದೆ ಬರಲಿಲ್ಲ. ಬರುವುದಿಲ್ಲ ಎಂದು ಅದಕ್ಕೆ ಗೊತ್ತಿತ್ತು, ಆದರೂ ಸ್ವಲ್ಪ ಹೊತ್ತು ಮುಚ್ಚಿಕೊಂಡೇ ಇತ್ತು.

ಇಷ್ಟಕ್ಕೇ ಮುಗಿದಿದ್ದರೆ ಬೆಟ್ಟ ಸಹಿಸಿಕೊಳ್ಳುತ್ತಿತ್ತೋ ಏನೋ. ಮುಗಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಕುಬೆಯ ಕಥೆ ಊರೆಲ್ಲ ಹರಡಿತು. ಬೆಟ್ಟ ಮಾತಾಡಿತಂತೆ, ಬೆಟ್ಟವೇ ದೇವರಂತೆ. ಗೆನ್ನೊಜೋ ಸಭೆ ಕರೆದ. ಗುಡಿಯ ಒಳಗೆ ದೇವರನ್ನಿಟ್ಟು ಬೆಟ್ಟದ ಬುಡದಲ್ಲಿ ಕೈ ಮುಗಿದದ್ದು ತಮ್ಮ ತಪ್ಪು, ಇನ್ನು ಮೇಲೆ ಬೆಟ್ಟಕ್ಕೇ ನೇರವಾಗಿ ಕೈ ಮುಗಿಯಬೇಕು ಎಂದು ತೀರ್ಮಾನವಾಯಿತು. ಯಾರೂ ವಿರೋಧಿಸಲಿಲ್ಲ. ಟೊಯೊ ಬಾಯಿ ತೆರೆದಳು, ಆದರೆ ಅಷ್ಟು ಹೊತ್ತಿಗೆ ಎಲ್ಲರೂ ಎದ್ದಾಗಿತ್ತು.

ಕೆಲವರು ಮರ ಕಡಿದರು. ಕೆಲವರು ಕೆಂಪು ಬಣ್ಣ ಅರೆದರು. ಬೆಟ್ಟಕ್ಕೆ ಹತ್ತುವ ದಾರಿಯ ಬಾಯಲ್ಲೇ ಹೊಸ ತೋರಿಗೆ ಗುಂಡಿ ತೋಡಿದರು. ಟೊಯೊ ಹೊಸೆದಿಟ್ಟಿದ್ದ ಹಗ್ಗವನ್ನೆಲ್ಲ ಹೊತ್ತು ತಂದು, ಮಿಂಚಿನ ಹಾಗೆ ಮಡಿಸಿದ ಬಿಳಿ ಕಾಗದಗಳನ್ನು ಅದಕ್ಕೆ ನೇತುಹಾಕಿ, ಬೆಟ್ಟದ ದೊಡ್ಡ ಬಂಡೆಗೆ ಸುತ್ತಿದರು. ಇದು ಪವಿತ್ರ ಎಂದು ಅದರ ಅರ್ಥ. ಇನ್ನು ಇದನ್ನು ನೆಮ್ಮದಿಯಾಗಿ ಇರಲು ಬಿಡುವುದಿಲ್ಲ ಎಂದೂ ಅದರ ಅರ್ಥ.

"ಬೇಡ," ಎಂದಿತು ಕುರೊನೆ. ಸ್ಪಷ್ಟವಾಗಿ, ದೊಡ್ಡ ದನಿಯಲ್ಲಿ ಹೇಳಿತು.

ಜನ ಕೆಲಸ ನಿಲ್ಲಿಸಿದರು. ಸಕುಬೆ ಉಳುಕಿದ ಕಾಲಿನಲ್ಲೇ ಮುಂದೆ ಬಂದು ವಿವರಿಸಿದ. ದೊಡ್ಡವರಿಗೆ ಏನಾದರೂ ಕೊಟ್ಟರೆ ಮೊದಲು ಬೇಡ ಎನ್ನುತ್ತಾರೆ, ಅದು ಅವರ ದೊಡ್ಡತನ. ಜನ ತಲೆದೂಗಿದರು. ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿದರು.

ಮಾರನೆಯ ದಿನ ಹಟಾಮೊರಿ ಇಜುಮೊದಿಂದ ಬಂದ. ಮುಖ ಸಪ್ಪಗಿತ್ತು. ಅವನಿಗೆ ಈ ಸಲವೂ ಕಂಬದ ಹಿಂದೆ ಜಾಗ ಸಿಕ್ಕಿತ್ತು. ಗುಡಿಯ ಮುಂದೆ ಯಾರೂ ಇರಲಿಲ್ಲ, ಎಲ್ಲರೂ ಬೆಟ್ಟದ ಕಡೆ ಮುಖ ಮಾಡಿ ಸಾಲು ನಿಂತಿದ್ದರು. ಅವನಿಗೆ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಮುಖ ಸ್ವಲ್ಪ ಗೆಲುವಾಯಿತು.

ಇವರನ್ನು ನಿಲ್ಲಿಸು ಎಂದು ಕುರೊನೆ ಅವನಿಗೆ ಹೇಳಿತು. ಒಂದು ತಿಂಗಳು ಎಂದಿದ್ದೆ, ತಿಂಗಳು ಮುಗಿಯಿತು. ತನ್ನ ನಿದ್ದೆ ಹೋಯಿತು, ಎತ್ತರ ಹೋಯಿತು, ಕಾಲ ಬುಡದಲ್ಲಿ ಕೆಂಪು ಕಂಬ ನೆಟ್ಟಿದ್ದಾರೆ.

ನೆಲ ಗಟ್ಟಿಯಾಗುತ್ತಿದೆ, ಎತ್ತರದ ವಿಷಯದಲ್ಲಿ ತಾನು ಏನೂ ಮಾಡುವ ಹಾಗಿಲ್ಲ ಎಂದ ಹಟಾಮೊರಿ. ಜನರ ವಿಷಯದಲ್ಲಿ ಎಂಬತ್ತು ಲಕ್ಷ ದೇವರು ಸೇರಿ ಪ್ರತಿ ವರ್ಷ ಚರ್ಚಿಸುತ್ತಾರೆ, ಅವರಿಂದಲೂ ಇದುವರೆಗೆ ಏನೂ ಆಗಿಲ್ಲ.

"ನಿನಗೆ ಹೇಗೆ ಅಭ್ಯಾಸವಾಯಿತು?" ಎಂದು ಕುರೊನೆ ಕೇಳಿತು.

"ಆಗಲಿಲ್ಲ," ಎಂದ ಹಟಾಮೊರಿ. "ನಾನು ಯಾವತ್ತೂ ಅವರಿಗೆ ಉತ್ತರ ಕೊಟ್ಟವನೇ ಅಲ್ಲ. ನೀನು ಕೊಟ್ಟೆ." ಗುಡಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕುರೊನೆ ಆ ದಿನವೆಲ್ಲ ಯೋಚಿಸಿತು. ಯೋಚಿಸಲು ಈಗ ಬೇಕಾದಷ್ಟು ಸಮಯವಿತ್ತು. ಜನರದನ್ನೇ ಜನರಿಗೆ ಕೊಟ್ಟಷ್ಟು ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಸ್ವಂತ ಮಾತು ಆಡಿದ್ದು ಒಂದೇ ಬೆಳಿಗ್ಗೆ, ಅದಕ್ಕೆ ಹೆಬ್ಬಾಗಿಲು ಎದ್ದು ನಿಂತಿತು. ಬೇಡ ಎಂದದ್ದಕ್ಕೆ ಹಗ್ಗ ಇನ್ನೊಂದು ಸುತ್ತು ಬಿತ್ತು. ಇನ್ನು ಸಾಕು. ಕುರೊನೆ ತನ್ನ ಸ್ವಂತ ಮಾತುಗಳನ್ನೆಲ್ಲ ಒಟ್ಟುಮಾಡಿ, ಕತ್ತಿ ಬಿದ್ದಿದ್ದ ಕಮರಿಯ ತಳದಲ್ಲಿಟ್ಟು, ಮೇಲೆ ಕಲ್ಲು ಮುಚ್ಚಿತು.

ಸಂಜೆ ಜನರೆಲ್ಲ ಹೋದ ಮೇಲೆ ಟೊಯೊ ಒಬ್ಬಳೇ ಬಂದಳು. ತೋರಿಯ ಕೆಳಗೆ ಬಗ್ಗಲಿಲ್ಲ. ಚಪ್ಪಾಳೆ ತಟ್ಟಲಿಲ್ಲ. ದಾರಿಯ ನಡುವೆ ನಡೆದು ಬಂದು ಬಂಡೆಯ ಮುಂದೆ ನಿಂತಳು. ಹಗ್ಗ ಎಲ್ಲೋ ಒಂದು ಕಡೆ ಬಿಗಿಯಾಗಿತ್ತು, ಅದನ್ನು ಕೈಯಿಂದ ಸ್ವಲ್ಪ ಸಡಿಲ ಮಾಡಿದಳು.

"ಅವರು ಮನೆಗೆ ಬಂದರು," ಎಂದಳು. "ನಿನ್ನ ನಿದ್ದೆ ಹೋಯಿತು."

ಅವಳಿಗೆ ಹೇಳಬೇಕಾದ ಮಾತು ಕುರೊನೆ ಮುಚ್ಚಿಟ್ಟ ಕಲ್ಲಿನ ಕೆಳಗಿತ್ತು. ಒಂದಲ್ಲ, ಹಲವು. ಕುರೊನೆ ತನ್ನನ್ನು ತಡೆದುಕೊಂಡಿತು. ಒಮ್ಮೆ ಕಮರಿಯ ಕಡೆ ನೋಡಿತು. ಬಹಳ ಹೊತ್ತಿನ ಮೇಲೆ, ಬಹಳ ಮೆತ್ತಗೆ ಹೇಳಿತು.

"...ಮನೆಗೆ ಬಂದರು. ...ನಿದ್ದೆ ಹೋಯಿತು."

ಟೊಯೊ ಹಗ್ಗದಿಂದ ಕೈ ತೆಗೆದಳು.

"ಅದೇ ಒಳ್ಳೆಯದು," ಎಂದಳು. "ಇವರಿಗೆ ಇದಕ್ಕಿಂತ ಹೆಚ್ಚು ಕೊಡಬೇಡ." ತಿರುಗಿ ಮನೆಗೆ ಹೋದಳು.

ವಸಂತದಲ್ಲಿ ನೆಲ ಗಟ್ಟಿಯಾಯಿತು. ಓದಾಕೆ ಎದ್ದು, ಮೋಡಗಳ ನಡುವಿನಿಂದ ಕೆಳಗೆ ನೋಡಿ, ಯಾಕೆ ಇಷ್ಟೇ ಆಗಿದ್ದೀಯ ಎಂದು ಕುರೊನೆಯನ್ನು ಕೇಳಿತು. ಕುರೊನೆ ಅದಕ್ಕೂ ಅದರ ಮಾತನ್ನೇ ವಾಪಸು ಕೊಟ್ಟಿತು. ಓದಾಕೆಗೆ ಕಾರಣ ಗೊತ್ತಾದದ್ದು ಗಾಳಿಯಿಂದ. ಗಾಳಿಗೆ ಯಾವ ವಿಷಯವೂ ಬಾಯಲ್ಲಿ ನಿಲ್ಲುವುದಿಲ್ಲ. ಅದು ನಿರೆಗಾವಾದ ಕಥೆಯನ್ನು ಸಮುದ್ರ ದಾಟಿಸಿ, ಒಂದೊಂದು ದೇಶದ ಒಂದೊಂದು ಬೆಟ್ಟಕ್ಕೂ ಹೇಳಿಕೊಂಡು ಬಂತು. ಬೆಟ್ಟಗಳು ತಮ್ಮ ತಮ್ಮ ಬುಡದಲ್ಲಿ ಸೇರಿದ್ದ ಜನರನ್ನು ಒಮ್ಮೆ ನೋಡಿದವು. ಹೆಚ್ಚು ಯೋಚಿಸಲಿಲ್ಲ. ಎಲ್ಲವೂ ಮಾತು ಬಿಟ್ಟವು.

ಅದಕ್ಕೇ ಇಂದು ನೀನು ಯಾವ ಬೆಟ್ಟದ ಮುಂದೆ ನಿಂತು ಏನು ಕೂಗಿದರೂ ಅದು ನಿನ್ನ ಮಾತಿನ ತುದಿಯನ್ನಷ್ಟೇ ನಿನಗೆ ತಿರುಗಿಸಿ ಕೊಡುತ್ತದೆ. ಆ ದನಿ ಒಂದು ಕ್ಷಣ ತಡವಾಗಿ ಬರುವುದು ಯಾಕೆಂದರೆ, ಬೆಟ್ಟ ಮೊದಲು ನಿನ್ನ ಕಾಲು ಎಲ್ಲಿದೆ ಎಂದು ನೋಡಿಕೊಳ್ಳುತ್ತದೆ.